ಹಟ್ಟಿಯ ಹಾಡು, ಪೇಟೆಯ ಕಿವಿ

ಚಿತ್ರದುರ್ಗದ ಸಂಗೀತವೆಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ‘ಹಂಸಗೀತೆ’. ತ.ರಾ.ಸು. ಅವರ ಆ ಕಾದಂಬರಿ 1952ರಲ್ಲಿ ಬಂದಿತು; 1956ರಲ್ಲಿ ‘ಬಸಂತ್ ಬಹಾರ್’ ಎಂಬ ಹಿಂದಿ ಚಿತ್ರಕ್ಕೂ, 1975ರಲ್ಲಿ ಜಿ.ವಿ. ಅಯ್ಯರ್ ಅವರ ಕನ್ನಡ ಚಿತ್ರಕ್ಕೂ ಆಧಾರವಾಯಿತು. ಭೈರವಿ ವೆಂಕಟಸುಬ್ಬಯ್ಯನ ಹಟ, ಅವನ ಸಾಧನೆ, ಅರಸೊತ್ತಿಗೆಗೆ ಬಾಗದ ಅವನ ಕಲೆ, ಇವೆಲ್ಲ ಸಂಗೀತವೆಂದರೇನು ಎಂಬ ನಮ್ಮ ಕಲ್ಪನೆಗೇ ಒಂದು ರೂಪ ಕೊಟ್ಟವು. ಸಂಗೀತ ಒಬ್ಬನ ತಪಸ್ಸು. ಕೇಳುವುದೆಂದರೆ ಆ ತಪಸ್ಸಿನ ಮುಂದೆ ಕೈಕಟ್ಟಿ ಕೂಡುವುದು. ಕಾದಂಬರಿಯ ಹಿರಿಮೆಯನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಅದೇ ನೆಲದಲ್ಲಿ ಇನ್ನೊಂದು ಸಂಗೀತವಿದೆ. ಅದಕ್ಕೆ ಈ ಕಲ್ಪನೆ ಸಾಲದು ಎಂಬುದನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇನೆ.

ತ.ರಾ.ಸು. ಅವರ ಮನೆತನದ ಊರು ಚಳ್ಳಕೆರೆ ತಾಲ್ಲೂಕಿನ ತಳುಕು. ಅದೇ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯವಳು ಸಿರಿಯಜ್ಜಿ. ಓದುಬರಹವಿಲ್ಲದ ಈ ಕಾಡುಗೊಲ್ಲರ ಹೆಣ್ಣುಮಗಳ ನೆನಪಿನಲ್ಲಿ ಸಾವಿರಾರು ಪದಗಳಿದ್ದವು. ಕೃಷ್ಣಮೂರ್ತಿ ಹನೂರರು ಅವನ್ನು ಕೂಡಿಸಿ ಅಚ್ಚಿಗೆ ತಂದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆಕೆಗೆ ನಾಡೋಜ ಗೌರವ ಕೊಟ್ಟಿತು. ಈಗ ಆಕೆ ಇಲ್ಲ. ಒಂದೇ ತಾಲ್ಲೂಕು ಕನ್ನಡಕ್ಕೆ ಸಂಗೀತದ ಒಂದು ದೊಡ್ಡ ಕಾದಂಬರಿಯನ್ನೂ ಹಾಡಿನ ಒಂದು ದೊಡ್ಡ ಕಣಜವನ್ನೂ ಕೊಟ್ಟಿದೆ. ನಾವು ಕಾದಂಬರಿಯನ್ನು ಪ್ರೀತಿಸಿದಷ್ಟು ಸುಲಭವಾಗಿ ಕಣಜವನ್ನು ಪ್ರೀತಿಸಲಾರೆವು. ಏಕೆ?

ಮೊದಲನೆಯ ಕಾರಣ, ನಾವು ಅದನ್ನು ಓದುತ್ತೇವೆ. 1931ರಲ್ಲಿ ಹಲಸಂಗಿಯ ಗೆಳೆಯರ ‘ಗರತಿಯ ಹಾಡು’ ಬಂದಂದಿನಿಂದ ಜನಪದ ಹಾಡು ನಮಗೆ ಪುಸ್ತಕದ ವಸ್ತುವಾಗಿದೆ. ಆ ಗೆಳೆಯರ ಉಪಕಾರ ದೊಡ್ಡದು. ಅವರಿಲ್ಲದಿದ್ದರೆ ಎಷ್ಟೋ ಹಾಡು ಹಾಡಿದವರೊಡನೆಯೇ ಮಣ್ಣಾಗುತ್ತಿತ್ತು. ಆದರೆ ಅಚ್ಚಿನ ಪುಟ ಹಾಡಿನ ಅರ್ಧವನ್ನು ಮಾತ್ರ ತೋರಿಸುತ್ತದೆ. ತ್ರಿಪದಿಯನ್ನೇ ನೋಡಿ. ಸುಮಾರು ಏಳನೆಯ ಶತಮಾನದ ಕೊನೆಯದೆನ್ನುವ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿಯೇ ಇರುವ ಹಳೆಯ ಮಟ್ಟು ಇದು. ಪುಸ್ತಕದಲ್ಲಿ ಮೂರು ಸಾಲು. ಬಾಯಲ್ಲಿ ಅದು ಮೂರು ಸಾಲಾಗಿ ಉಳಿಯುವುದಿಲ್ಲ. ಎರಡನೆಯ ಸಾಲಿನ ಮಾತು ಮತ್ತೊಮ್ಮೆ ಬಂದು, ಅದರ ಹೆಗಲೇರಿ ಮೂರನೆಯ ಸಾಲು ಇಳಿಯುತ್ತದೆ. ಓದುವಾಗ ಬೇಸರ ತರುವ ಪುನರುಕ್ತಿಯೇ ಹಾಡುವಾಗ ಉಸಿರಿಗೆ ಎಡೆ, ಮುಂದಿನ ಮಾತಿಗೆ ಕಾತರ. ಸಂಪಾದಕರು ಕಾಗದ ಉಳಿಸಲು ಬಿಟ್ಟುಬಿಡುವ ಸೊಲ್ಲು ಹಾಡುವವರ ಪಾಲಿಗೆ ಹಾಡಿನ ಬೆನ್ನೆಲುಬು.

ಎರಡನೆಯ ಕಾರಣ ನಮ್ಮ ಕಿವಿಯ ಶಿಕ್ಷಣ. ನನ್ನ ಕಿವಿ ಪಳಗಿದ್ದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಕಚೇರಿಗಳಲ್ಲಿ. ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದ ಕಡೆಯ ಮಿತ್ರರೊಬ್ಬರು ತಮ್ಮೂರಿನ ಸಮೀಪದ ಹಟ್ಟಿಯ ಮದುವೆಗೆ ನನ್ನನ್ನು ಕರೆದೊಯ್ದರು. ಆರೇಳು ಹೆಂಗಸರು ಚಪ್ಪರದ ಕಂಬಕ್ಕೆ ಒರಗಿ ಸೋಬಾನೆ ಹೇಳುತ್ತಿದ್ದರು. ಹಿರಿಯಳೊಬ್ಬಳು ಒಂದು ಸಾಲು ಎತ್ತುವಳು. ಉಳಿದವರು ಅದನ್ನೇ ಮರಳಿಸುವರು. ನಾಲ್ಕೈದು ಸ್ವರಗಳ ಒಳಗೇ ಓಡಾಟ. ನನ್ನ ಕಿವಿ ಆಲಾಪನೆಗಾಗಿ, ಏರಿಕೆಗಾಗಿ, ಮುಕ್ತಾಯಕ್ಕಾಗಿ ಕಾಯುತ್ತಿತ್ತು. ಅವೊಂದೂ ಬರಲಿಲ್ಲ. ಅರ್ಧ ಗಂಟೆ ಕಳೆಯಿತು. ಪಕ್ಕದಲ್ಲಿದ್ದ ಮುದುಕಿ, “ಯಾಕಪ್ಪಾ, ಸುಮ್ನೆ ಕುಂತಿದ್ದೀಯಾ? ಸೊಲ್ಲಿಗಾದ್ರೂ ದನಿ ಕೂಡ್ಸು” ಎಂದಳು. ನಾನು ಸಂಕೋಚದಿಂದ ದನಿ ಕೂಡಿಸಿದೆ. ಆಗ ತಿಳಿಯಿತು: ಆ ಹಾಡಿನಲ್ಲಿ ಕೇಳುಗನಿಗೆಂದು ಬೇರೆ ಚಾಪೆ ಹಾಸಿಲ್ಲ. ಹಾಡು ಸಾಗುವುದು ರಾಗದ ಬೆಳವಣಿಗೆಯಿಂದಲ್ಲ, ಕೆಲಸದ ಬೆಳವಣಿಗೆಯಿಂದ. ಎಣ್ಣೆ ಹಚ್ಚುವುದು, ನೀರು ಹಾಕುವುದು, ಧಾರೆ, ಹೆಣ್ಣೊಪ್ಪಿಸುವುದು. ಒಂದೊಂದಕ್ಕೂ ಅದರದರ ಪದ. ಕೆಲಸ ಮುಗಿದಲ್ಲಿ ಹಾಡು ಮುಗಿಯುತ್ತದೆ. ಅದೇ ಅದರ ಮಂಗಳ.

ಅಲ್ಲಿಂದ ಮುಂದೆ ನಾನು ಬೇಸರವಿಲ್ಲದೆ ಕೇಳಲು ಕಲಿತೆ. ಆಮೇಲೆ ಆಸೆಯಿಂದ ಕೇಳಲು ತೊಡಗಿದೆ. ಹಿರಿಯೂರು, ಶಿರಾ ಸೀಮೆಯ ಕಾಡುಗೊಲ್ಲರ ಗಣೆಯನ್ನು ಕೇಳಿದ್ದು ಇದಾದ ಮೇಲೆ. ಗಣೆ ನಾವು ಕಂಡ ಕೊಳಲಿಗಿಂತ ಬಹಳ ಉದ್ದವಾದ ಬಿದಿರಿನ ವಾದ್ಯ. ತಮ್ಮ ದೈವವೂ ವೀರನೂ ಆದ ಜುಂಜಪ್ಪನ ಕಥೆಯನ್ನು ಅವರು ಅದರೊಡನೆ ಹಾಡುತ್ತಾರೆ. ಕಛೇರಿಯ ಕೊಳಲಿನ ನುಣುಪು ಅದಕ್ಕಿಲ್ಲ. ಸ್ವರದೊಡನೆ ಊದುವವನ ಉಸಿರೂ ಕೇಳಿಸುತ್ತದೆ. ನುಣುಪನ್ನೇ ಗುಣವೆಂದು ಬಗೆದ ಕಿವಿಗೆ ಅದು ಕೊರತೆ. ಬಯಲಿನಲ್ಲಿ, ದನದ ಹಿಂದೆ ಬಾಳಿದ ವೀರನ ಕಥೆಗೆ ಆ ಗಾಳಿಯ ದನಿಯೇ ತಕ್ಕ ಶ್ರುತಿ.

ಇಷ್ಟು ಹೇಳಿದ ಮೇಲೆ ನಮ್ಮ ಪೇಟೆಯ ವೇದಿಕೆಗಳ ಮಾತೂ ಬರಬೇಕು. ಇಂದು ಸಭೆಗಳಲ್ಲಿ, ದೂರದರ್ಶನದ ಸ್ಪರ್ಧೆಗಳಲ್ಲಿ ‘ಜಾನಪದ ಗೀತೆ’ಗೆ ಬೇಡಿಕೆ ಉಂಟು. ಕೀಬೋರ್ಡು, ರಿದಂ ಪ್ಯಾಡು, ಚಪ್ಪಾಳೆಗೆ ಅನುಕೂಲವಾದ ವೇಗ, ನಾಲ್ಕು ನಿಮಿಷದ ಅಳತೆ. ಹಾಡುವವರ ಕಂಠ ಚೆನ್ನಾಗಿಯೇ ಇರುತ್ತದೆ. ಹೊಸ ವಾದ್ಯ ಬಂದುದಕ್ಕೆ ನನ್ನ ತಕರಾರಿಲ್ಲ. ಜನಪದರು ಹೊಸದನ್ನು ಎಂದೂ ಒಲ್ಲೆನೆಂದವರಲ್ಲ. ನನ್ನ ತಕರಾರು ಬೇರೆ. ಅಲ್ಲಿ ಮರುದನಿ ಕೊಡುವವರು ಕಾಣೆಯಾಗಿದ್ದಾರೆ. ಹಲವರ ಹಾಡು ಒಬ್ಬರ ಪ್ರತಿಭಾಪ್ರದರ್ಶನವಾಗಿದೆ. ವೆಂಕಟಸುಬ್ಬಯ್ಯನಿಗೆ ಸಲ್ಲುವ ಪೀಠದ ಮೇಲೆ ಸೋಬಾನೆಯವಳನ್ನು ಕೂಡಿಸಿ, ಅವಳ ಗೆಳತಿಯರನ್ನು ಬಾಗಿಲಾಚೆ ಕಳಿಸಿದ ಹಾಗೆ. ಇದರಿಂದ ಹಾಡಿಗೆ ಕೀರ್ತಿ ಬರಬಹುದು, ಆಯುಸ್ಸು ಬರಲಾರದು.

ಇನ್ನು ಎಲ್ಲಕ್ಕಿಂತ ಕಷ್ಟದ ಮಾತು. ಹಳ್ಳಿಯ ಹಾಡನ್ನು ಪ್ರೀತಿಸುವ ಪೇಟೆಯವರು ‘ಮುಗ್ಧ’ ಎಂಬ ಶಬ್ದವನ್ನು ಧಾರಾಳವಾಗಿ ಬಳಸುತ್ತಾರೆ. ಆ ಶಬ್ದ ನನಗೆ ಒಗ್ಗದು. ತೀ.ನಂ. ಶಂಕರನಾರಾಯಣ ಅವರಂಥ ವಿದ್ವಾಂಸರು ಕಾಡುಗೊಲ್ಲರ ನಂಬಿಕೆ, ಸಂಪ್ರದಾಯಗಳನ್ನು ಕುರಿತು ಶ್ರಮದಿಂದ ಬರೆದಿದ್ದಾರೆ. ಮುಟ್ಟಾದವಳನ್ನೂ ಬಾಣಂತಿಯನ್ನೂ ಹಟ್ಟಿಯಾಚೆ ಇರಿಸುವ ಪದ್ಧತಿ ಅವರಲ್ಲಿ ಹಳೆಯದು. ಹಲವೆಡೆ ಅದು ಸಡಿಲಿದೆ, ಎಲ್ಲೆಡೆ ಹೋಗಿಲ್ಲ. 2023ರ ಜುಲೈಯಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ, ಊರಾಚೆಯ ಗುಡಿಸಲಲ್ಲಿ ತಾಯಿಯೊಡನಿದ್ದ ಹಸುಗೂಸು ಮಳೆ ಚಳಿಗೆ ಸಿಕ್ಕಿ ತೀರಿಕೊಂಡ ಸುದ್ದಿಯನ್ನು ಪತ್ರಿಕೆಗಳಲ್ಲಿ ನಾವೆಲ್ಲ ಓದಿದೆವು. ಕೂಸನ್ನು ತೂಗುವ ಪದ ಅಷ್ಟು ಹೇರಳವಾಗಿರುವ ಸಮುದಾಯದಲ್ಲೇ ಹೀಗಾಯಿತು. ಹಾಡನ್ನು ಒಲಿದವನು ಇದನ್ನು ಕಂಡೂ ಕಾಣದಂತೆ ಇರಬಹುದೆ?

ಇರಲಾಗದು ಎಂದೇ ನನ್ನ ಉತ್ತರ. ಆದರೆ ಇದಕ್ಕಾಗಿ ಹಾಡನ್ನೇ ತಳ್ಳಿಬಿಡುವುದೂ ಸರಿಯಲ್ಲ. ಕಟ್ಟಳೆಯನ್ನು ಹೊತ್ತ ಹೆಂಗಸರೇ ಈ ಪದಗಳನ್ನೂ ಹೊತ್ತವರು. ತವರಿನ ಹಂಬಲ, ಬಸಿರಿನ ಅಂಜಿಕೆ, ಮನೆಯ ಬಾಗಿಲ ಆಸೆ ಇವು ಹೆಂಗಸರ ಹಾಡುಗಳಲ್ಲಿ ಇಷ್ಟು ತೀವ್ರವಾಗಿ ಬರುವುದು ಅಲಂಕಾರಕ್ಕಾಗಿ ಅಲ್ಲ. ನಾವು ಇಂಪೆಂದು ತಲೆದೂಗುವ ಕಡೆ ಅವರು ಒಂದು ಸಂಗತಿಯನ್ನು ಹೇಳುತ್ತಿರುತ್ತಾರೆ. ಹಾಡನ್ನು ಮುಗ್ಧವೆಂದು ಕರೆದರೆ ಆ ಸಂಗತಿಯನ್ನು ಕೇಳುವ ಹೊಣೆಯಿಂದ ನಾವು ತಪ್ಪಿಸಿಕೊಂಡಂತಾಯಿತು. ಹಾಡುವವಳ ಬಾಳು ಹಸನಾಗಲೆಂದು ಬಯಸದೆ ಅವಳ ಹಾಡು ಮಾತ್ರ ಹಾಗೆಯೇ ಉಳಿಯಲಿ ಎನ್ನುವುದು ರಸಿಕತೆಯಲ್ಲ.

ಬಾಳು ಬದಲಾದರೆ ಹಾಡೂ ಹೋಗುತ್ತದಲ್ಲ ಎಂದು ಕೆಲವರು ಮರುಗುತ್ತಾರೆ. ಕೆಲವು ಹಾಡು ಹೋಗಲೂಬಹುದು. ಹೋಗಲಿ. ಹಟ್ಟಿಯಾಚೆಯ ಗುಡಿಸಲು ಇಲ್ಲವಾಗಿ ಅದರ ನೋವಿನ ಪದವೊಂದು ಮರೆತುಹೋದರೆ ನಷ್ಟವೆಂದು ನಾನು ಲೆಕ್ಕ ಹಾಕುವುದಿಲ್ಲ. ಅದನ್ನು ಪುಸ್ತಕ ಕಾಯಲಿ, ಅಚ್ಚು ಇರುವುದೇ ಅದಕ್ಕೆ. ನಾನು ಉಳಿಯಬೇಕೆನ್ನುವುದು ಇಷ್ಟನ್ನೇ: ಒಬ್ಬಳು ಸಾಲೆತ್ತಿದಾಗ ಮರಳಿಸಲು ನಾಲ್ಕು ಮಂದಿ ಇರುವ ವಾಡಿಕೆ. ಅದಕ್ಕೆ ಅಕಾಡೆಮಿಯ ಅನುದಾನ ಬೇಡ, ವೇದಿಕೆ ಬೇಡ. ನಮ್ಮ ಪೇಟೆಯ ಮದುವೆ ಮಂಟಪಗಳಲ್ಲಿಯೂ ಹಳ್ಳಿಯಿಂದ ಬಂದ ದೊಡ್ಡಮ್ಮನೋ ಸೋದರತ್ತೆಯೋ ಒಂದು ಮೂಲೆಯಲ್ಲಿ ಕುಳಿತಿರುತ್ತಾಳೆ. ಧ್ವನಿವರ್ಧಕವನ್ನು ಅರ್ಧ ಗಂಟೆ ನಿಲ್ಲಿಸಿ, ಒಂದು ಪದ ಹೇಳೆಂದು ಅವಳನ್ನು ಕೇಳಬಹುದು. ಕೇಳಿದವರು ಸೊಲ್ಲಿಗೆ ದನಿ ಕೂಡಿಸಲು ಸಿದ್ಧರಿರಬೇಕು, ಅಷ್ಟೆ.