ಹೊಗೆಯ ಹಿಂದಿನ ಬೆವರು

ಕತ್ತಲ ಕೋಣೆಯಲ್ಲಿ ಒಬ್ಬ ಬೀಡಿ ಸೇದುತ್ತಿದ್ದಾನೆ ಎನ್ನಿ. ದೀಪ ನಮ್ಮ ಬೆನ್ನ ಹಿಂದಿದ್ದರೆ ಹೊಗೆ ಕಂಡೂ ಕಾಣದ ಹಾಗೆ ಕರಗಿಹೋಗುತ್ತದೆ. ಅದೇ ದೀಪವನ್ನು ಅವನ ಬೆನ್ನ ಹಿಂದಕ್ಕೆ ಸರಿಸಿದರೆ ಸಾಕು, ಹೊಗೆಯ ಒಂದೊಂದು ಎಳೆಯೂ ಬೆಳ್ಳಗೆ ಬಿಚ್ಚಿಕೊಳ್ಳುತ್ತದೆ. 1940 ಮತ್ತು 50ರ ದಶಕದ ಜಾಝ್ ಫೋಟೊಗಳ ಮೋಡಿಯಲ್ಲಿ ಅರ್ಧಪಾಲು ಈ ಚಿಕ್ಕ ಭೌತಶಾಸ್ತ್ರಕ್ಕೆ ಸೇರಿದ್ದು. ಉಳಿದರ್ಧದ ಲೆಕ್ಕ ಅಷ್ಟು ಸಲೀಸಲ್ಲ.

1948ರಲ್ಲಿ ನ್ಯೂಯಾರ್ಕಿನ ರಾಯಲ್ ರೂಸ್ಟ್ ಕ್ಲಬ್ಬಿನಲ್ಲಿ ಹರ್ಮನ್ ಲೆನರ್ಡ್ ತೆಗೆದ ಡೆಕ್ಸ್‌ಟರ್ ಗಾರ್ಡನ್ ಫೋಟೊವನ್ನು ಜಾಝ್ ಕೇಳದವರೂ ಎಲ್ಲೋ ನೋಡಿರುತ್ತಾರೆ. ಇಪ್ಪತ್ತೈದರ ಹುಡುಗ ಕುರ್ಚಿಯಲ್ಲಿ ಒರಗಿ ಕೂತಿದ್ದಾನೆ. ಸ್ಯಾಕ್ಸೊಫೋನು ತೊಡೆಯ ಮೇಲೆ, ಸಿಗರೇಟು ಬೆರಳ ನಡುವೆ. ಹೊಗೆ ಮೇಲಕ್ಕೇರಿ ಕರಿಯ ಹಿನ್ನೆಲೆಯ ತುಂಬ ಹರಡಿಕೊಂಡಿದೆ. ಅವನು ನುಡಿಸುತ್ತಿಲ್ಲ, ಬಿಡುವಿನಲ್ಲಿದ್ದಾನೆ. ಜಾಝ್ ಎಂದರೆ ಹೀಗೆ ಎಂದು ಜಗತ್ತು ಒಪ್ಪಿಕೊಂಡ ಚಿತ್ರದಲ್ಲಿ ಜಾಝ್ ನಡೆಯುತ್ತಲೇ ಇಲ್ಲ. ಆ ವೇದಿಕೆಯಲ್ಲಿ ಗಾರ್ಡನ್ ಜತೆಗಿದ್ದ ಟ್ರಂಪೆಟ್ ವಾದಕ ಫ್ಯಾಟ್ಸ್ ನವಾರೋ ಎರಡೇ ವರ್ಷದಲ್ಲಿ, ಇಪ್ಪತ್ತಾರನೇ ವಯಸ್ಸಿಗೆ, ಕ್ಷಯದಿಂದ ತೀರಿಕೊಂಡ. ಹೆರಾಯಿನ್ ಚಟ ಮೊದಲೇ ಅವನನ್ನು ಸೊರಗಿಸಿತ್ತು. ಈ ಸಂಗತಿ ಗೊತ್ತಾದ ಮೇಲೆ ಆ ಹೊಗೆಯನ್ನು ಬರೀ ಅಂದಕ್ಕಾಗಿ ನೋಡುವುದು ನನ್ನ ಕೈಲಿ ಆಗಿಲ್ಲ.

ಹಾಗೆಂದು ಲೆನರ್ಡ್ ಮೋಸಗಾರ ಎಂದಲ್ಲ. ಕೆನಡಾದಲ್ಲಿ ಯೂಸುಫ್ ಕಾರ್ಶ್ ಎಂಬ ಮಹಾ ಭಾವಚಿತ್ರಕಾರನ ಬಳಿ ಬೆಳಕಿನ ಪಾಠ ಕಲಿತು, 1948ರಲ್ಲಿ ಗ್ರೀನಿಚ್ ವಿಲೇಜಿನಲ್ಲಿ ಸ್ಟುಡಿಯೊ ತೆರೆದವರು ಅವರು. ಕ್ಲಬ್ಬಿನ ಪ್ರವೇಶಕ್ಕೆ ಕೈಯಲ್ಲಿ ಕಾಸಿರಲಿಲ್ಲ. ಮಾಲೀಕರಿಗೆ ಪ್ರಿಂಟು ಕೊಟ್ಟು ಒಳಗೆ ಬಿಡಿಸಿಕೊಳ್ಳುತ್ತಿದ್ದರು. ದೊಡ್ಡ ಸ್ಪೀಡ್ ಗ್ರಾಫಿಕ್ ಕ್ಯಾಮೆರಾ, ಜತೆಗೆ ಎರಡು ಸ್ಟ್ರೋಬ್ ದೀಪ. ಆ ದೀಪವನ್ನು ಕ್ಲಬ್ಬಿನ ಸ್ಪಾಟ್‌ಲೈಟಿನ ಪಕ್ಕಕ್ಕೇ ಇಟ್ಟುಬಿಟ್ಟರೆ ಬೆಳಕು ತಂದದ್ದೋ ಅಲ್ಲೇ ಇದ್ದದ್ದೋ ಗುರುತು ಸಿಗುವುದಿಲ್ಲ. ಕುಶಲತೆ ಇರುವುದೇ ಅಲ್ಲಿ. ಸ್ಟುಡಿಯೊದ ಬೆಳಕನ್ನು ರಾತ್ರಿಯ ಬೆಳಕು ಎಂದು ನಂಬಿಸಿದವರು ಅವರು.

ಈ ಕುಶಲತೆ ಮುಟ್ಟಿದ ತುದಿ 1956ರ ಒಂದು ಚಿತ್ರ. ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್ ಅವರ ಚಪ್ಪಟೆ ಟೋಪಿ ವಾದ್ಯದ ಪೆಟ್ಟಿಗೆಯ ಅಂಚಿಗೆ ತೂಗುಬಿದ್ದಿದೆ. ಪಕ್ಕದಲ್ಲಿ ಸ್ವರಲಿಪಿಯ ಹಾಳೆ, ಕೋಕಾಕೋಲಾ ಬಾಟಲಿ, ಹೊಗೆಯಾಡುತ್ತಿರುವ ಸಿಗರೇಟು. ಲೆಸ್ಟರ್ ಯಂಗ್ ಮಾತ್ರ ಇಲ್ಲ. ನೋಡಿದಾಗಲೆಲ್ಲ ಮೆಚ್ಚುತ್ತೇನೆ, ನೋಡಿದಾಗಲೆಲ್ಲ ಕಸಿವಿಸಿಯಾಗುತ್ತದೆ. ಟೋಪಿ ಮತ್ತು ಹೊಗೆ ಸೇರಿದರೆ ಜಾಝ್ ಆಯಿತು, ನುಡಿಸುವವನು ಇದ್ದರೂ ಆದೀತು, ಇಲ್ಲದಿದ್ದರೂ ಆದೀತು ಎನ್ನುವ ಮಟ್ಟಕ್ಕೆ ಈ ಬಗೆಯ ಛಾಯಾಗ್ರಹಣ ಬಂದು ನಿಂತದ್ದು ಇಲ್ಲೇ. ಮುಂದಿನ ಎಷ್ಟೋ ದಶಕದ ಪೋಸ್ಟರು, ಕಾಫಿ ಮಗ್ಗು, ಹೋಟೆಲಿನ ಗೋಡೆಗಳಿಗೆ ಇಷ್ಟೇ ಸಾಕಾಯಿತು.

ಬೆಂಗಳೂರಿನ ಒಂದು ಕೆಫೆಯ ಗೋಡೆಯಲ್ಲೂ ಇಂಥದೊಂದು ಚೌಕಟ್ಟು ನೋಡಿದ್ದೇನೆ. ಆದರೆ ಅದು ಲೆನರ್ಡ್ ಅವರದಲ್ಲ, ವಿಲಿಯಂ ಗಾಟ್ಲಿಬ್ ಅವರದು. 1947ರ ಸುಮಾರಿನ ಬಿಲ್ಲಿ ಹಾಲಿಡೇ. ತಲೆ ಹಿಂದಕ್ಕೆ ವಾಲಿದೆ, ಬಾಯಿ ತೆರೆದಿದೆ, ಕತ್ತಿನ ನರ ಬಿಗಿದಿದೆ. ಯಾರಪ್ಪಾ ಇವರು ಎಂದು ಕೇಳಿದೆ. ಕಾಫಿ ತಂದ ಹುಡುಗ, "ಯಾರೋ ಹಾಡೋರು ಸಾರ್" ಅಂದ. ಅವನ ಉತ್ತರದಲ್ಲಿ ತಪ್ಪೇನಿಲ್ಲ. ಹಾಡುವುದು ಆ ಫೋಟೊದಲ್ಲಿ ಅಷ್ಟು ನಿಚ್ಚಳವಾಗಿ ಕಾಣುತ್ತದೆ.

ಗಾಟ್ಲಿಬ್ ಮೂಲತಃ ಬರಹಗಾರ. ವಾಷಿಂಗ್ಟನ್ ಪೋಸ್ಟ್ ಪತ್ರಿಕೆಗೆ ಜಾಝ್ ಅಂಕಣ ಬರೆಯುತ್ತಿದ್ದರು. ಛಾಯಾಗ್ರಾಹಕನ ಖರ್ಚು ಭರಿಸಲು ಪತ್ರಿಕೆ ಒಪ್ಪದೆ ಹೋದಾಗ ತಾವೇ ಕ್ಯಾಮೆರಾ ಕೊಂಡರು. ಆಗಿನ ಫ್ಲಾಶ್ ಬಲ್ಬು ಒಂದು ಸಲ ಉರಿದರೆ ಮುಗಿಯಿತು, ಬಿಸಾಡಬೇಕು. ಫಿಲಂ ಹಾಳೆಗೂ ದುಡ್ಡು ಸುರಿಯಬೇಕು. ಹಾಗಾಗಿ ರಾತ್ರಿಗೆ ನಾಲ್ಕಾರು ಫೋಟೊ, ಅಷ್ಟೇ. ಬರೆಯಲು ಬಂದವನಿಗೆ ಹಾಡು ಗೊತ್ತಿರುತ್ತದೆ. ಯಾವ ಸಾಲಿನಲ್ಲಿ ಗಾಯಕಿ ಉಸಿರು ಬಿಗಿಹಿಡಿಯುತ್ತಾಳೆ, ಯಾವಾಗ ಕಣ್ಣು ಮುಚ್ಚುತ್ತಾಳೆ ಎಂಬುದು ಗೊತ್ತಿರುತ್ತದೆ. ಗಾಟ್ಲಿಬ್ ಕಾಯುತ್ತಿದ್ದುದು ಆ ಗಳಿಗೆಗೆ. ಅವರ ಬೆಳಕು ಒರಟು, ಚೌಕಟ್ಟು ಕೆಲವೊಮ್ಮೆ ಅಡ್ಡಾದಿಡ್ಡಿ. ಆದರೂ ಲೆನರ್ಡ್‌ಗಿಂತ ಅವರ ಕಿವಿ ಚುರುಕು ಎನ್ನುತ್ತೇನೆ. 1948ರಲ್ಲೇ ಅವರು ಈ ಲೋಕ ಬಿಟ್ಟು ಶೈಕ್ಷಣಿಕ ಫಿಲಂಸ್ಟ್ರಿಪ್ ತಯಾರಿಕೆಗೆ ಹೊರಟುಹೋದರು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕೊಂಡ ಅವರ ಸುಮಾರು 1,600 ಚಿತ್ರಗಳು ಅವರದೇ ಇಚ್ಛೆಯಂತೆ 2010ರಲ್ಲಿ ಎಲ್ಲರ ಸೊತ್ತಾದವು. ಕೆಫೆಯವರು ಹಾಲಿಡೇಯನ್ನು ಆರಿಸಿಕೊಂಡದ್ದರ ಹಿಂದೆ ಅಭಿರುಚಿಯ ಜತೆಗೆ ಇದೂ ಇದ್ದೀತು.

ಇದೇ ಹಾಲಿಡೇಯ ಇನ್ನೊಂದು ಫೋಟೊ ಇದೆ. 1959ರ ಆರಂಭ, ಆಕೆಯ ಕೊನೆಯ ರೆಕಾರ್ಡಿಂಗ್. ಆಗ ತಾನೇ ಹಾಡಿದ್ದನ್ನು ಧ್ವನಿಮುದ್ರಣದಲ್ಲಿ ಮರಳಿ ಕೇಳಿಸಿಕೊಳ್ಳುತ್ತಿದ್ದಾರೆ. ಮುಖ ಇಳಿದಿದೆ, ಮೈ ಕರಗಿದೆ. ತೆಗೆದವರು ಆ ರೆಕಾರ್ಡಿಂಗಿಗೆ ಬೇಸ್ ನುಡಿಸಿದ ಮಿಲ್ಟ್ ಹಿಂಟನ್. ಹೊರಗಿನಿಂದ ಬಂದವರಾಗಿದ್ದರೆ ಈ ಮುಖ ನೋಡಿ ಕ್ಯಾಮೆರಾ ಕೆಳಗಿಡುತ್ತಿದ್ದರು, ಇಲ್ಲವೇ ದುರಂತದ ಚಿತ್ರವೊಂದನ್ನು ಕಟ್ಟುತ್ತಿದ್ದರು. ಹಿಂಟನ್ ಎರಡೂ ಮಾಡುವುದಿಲ್ಲ. ಕೆಲಸ ಮಾಡಿದವಳು ತನ್ನ ಕೆಲಸ ಹೇಗಾಗಿದೆ ಎಂದು ಪರೀಕ್ಷಿಸುತ್ತಿರುವುದನ್ನು ಜತೆಗಾರ ನೋಡಿದ್ದಾನೆ, ಅಷ್ಟೇ. ಆ ಜುಲೈನಲ್ಲಿ ಆಕೆ ತೀರಿಕೊಂಡಾಗ ವಯಸ್ಸು 44.

ಈ ಎರಡು ಫೋಟೊಗಳ ನಡುವಿನ ಹನ್ನೆರಡು ವರ್ಷಗಳ ಕತೆ ಯಾವ ಹೊಗೆಯ ಚಿತ್ರದಲ್ಲೂ ಇಲ್ಲ. ನ್ಯೂಯಾರ್ಕಿನಲ್ಲಿ ಮದ್ಯ ಮಾರುವ ಕಡೆ ಹಾಡಬೇಕಾದರೆ ಪೊಲೀಸರು ಕೊಡುವ ಕ್ಯಾಬರೆ ಕಾರ್ಡು ಬೇಕಿತ್ತು. 1947ರಲ್ಲಿ ಮಾದಕವಸ್ತುವಿನ ಮೊಕದ್ದಮೆಯಲ್ಲಿ ಜೈಲಿಗೆ ಹೋದ ಮೇಲೆ ಹಾಲಿಡೇಗೆ ಆ ಕಾರ್ಡು ತಪ್ಪಿತು. ಕಾರ್ನೆಗಿ ಹಾಲಿನಲ್ಲಿ ಹಾಡಬಹುದಿತ್ತು, ಬೀದಿಯಾಚೆಯ ಕ್ಲಬ್ಬಿನಲ್ಲಿ ಹಾಡುವಂತಿರಲಿಲ್ಲ. ಪಿಯಾನೊ ವಾದಕ ಥೆಲೋನಿಯಸ್ ಮಂಕ್ ಅವರ ಕಾರ್ಡೂ 1951ರಲ್ಲಿ ಹೋಗಿ ಸಿಕ್ಕಿದ್ದು 1957ಕ್ಕೆ. ಕ್ಲಬ್ಬಿನ ಫೋಟೊಗಳನ್ನಷ್ಟೇ ನೋಡಿ ಜಾಝ್ ಇತಿಹಾಸ ಓದುವವರಿಗೆ ಈ ಗೈರುಹಾಜರಿ ಕಣ್ಣಿಗೇ ಬೀಳುವುದಿಲ್ಲ. ಒಳಗೆ ಬಿಡದವರ ಫೋಟೊವನ್ನು ಒಳಗೆ ನಿಂತವರು ತೆಗೆಯುವುದಾದರೂ ಹೇಗೆ?

ಹಿಂಟನ್ ಸುಮಾರು 60,000 ಫೋಟೊ ತೆಗೆದರು. ಕ್ಯಾಬ್ ಕ್ಯಾಲೊವೇ ತಂಡದಲ್ಲಿ ವರ್ಷಗಟ್ಟಲೆ ಊರೂರು ಸುತ್ತುವಾಗ ರೈಲಿನಲ್ಲಿ ತೂಕಡಿಸುವ ಸಹವಾದಕರು, ದಕ್ಷಿಣದ ರಾಜ್ಯಗಳ ನಿಲ್ದಾಣಗಳಲ್ಲಿ 'ಕರಿಯರಿಗೆ' ಎಂದು ಬರೆದ ಫಲಕದ ಕೆಳಗೆ ಒಳ್ಳೆ ಸೂಟು ತೊಟ್ಟು ನಿಂತ ಅದೇ ಗೆಳೆಯರು, ಎಲ್ಲವೂ ಇವೆ. ಇವು ಗೋಡೆಗೆ ತೂಗುಹಾಕುವ ಚಿತ್ರಗಳಲ್ಲ, ಮನೆಯ ಆಲ್ಬಮ್ಮಿನ ಜಾತಿಯವು. ಈ ಪರಂಪರೆಯ ವಿಮರ್ಶೆಯಲ್ಲಿ ಹಿಂಟನ್ ಅವರನ್ನು ಫೋಟೊ ತೆಗೆಯುವ ಹವ್ಯಾಸವಿದ್ದ ಬೇಸ್ ವಾದಕ ಎಂದು ಬದಿಗೆ ಕೂರಿಸುವ ರೂಢಿ ನನಗೆ ಒಪ್ಪಿತವಲ್ಲ.

ಬ್ಲೂ ನೋಟ್ ಕಂಪನಿಯ ಫ್ರಾನ್ಸಿಸ್ ವುಲ್ಫ್ ಕೂಡ ಕೆಲಸವನ್ನು ನೋಡಿದವರೇ. ಬರ್ಲಿನ್ನಿನ ಯಹೂದಿ. 1939ರಲ್ಲಿ ನಾತ್ಸಿಗಳಿಂದ ತಪ್ಪಿಸಿಕೊಂಡು ಬಂದು ಗೆಳೆಯ ಆಲ್ಫ್ರೆಡ್ ಲಯನ್ ಅವರ ಧ್ವನಿಮುದ್ರಣ ಕಂಪನಿಗೆ ಹೆಗಲು ಕೊಟ್ಟರು. ಈ ಕಂಪನಿ ವಾದಕರಿಗೆ ರಿಹರ್ಸಲಿಗೂ ಸಂಬಳ ಕೊಡುತ್ತಿತ್ತು, ಆ ಕಾಲಕ್ಕೆ ಅಪರೂಪದ ಮಾತು. ಹಾಗಾಗಿ ವುಲ್ಫ್‌ಗೆ ಸಮಯ ಸಿಕ್ಕಿತು. ನ್ಯೂಜೆರ್ಸಿಯ ಹ್ಯಾಕನ್‌ಸ್ಯಾಕ್‌ನಲ್ಲಿ ರೂಡಿ ವ್ಯಾನ್ ಗೆಲ್ಡರ್ ಎಂಬ ಕಣ್ಣಿನ ಪರೀಕ್ಷಕ ತಂದೆತಾಯಿಯ ಮನೆಯ ನಡುಕೋಣೆಯನ್ನೇ ರೆಕಾರ್ಡಿಂಗ್ ಸ್ಟುಡಿಯೊ ಮಾಡಿಕೊಂಡಿದ್ದ. ಅಲ್ಲಿ ವುಲ್ಫ್ ಒಂದು ಕೈಯಲ್ಲಿ ಕ್ಯಾಮೆರಾ, ಚಾಚಿದ ಇನ್ನೊಂದು ಕೈಯಲ್ಲಿ ಫ್ಲಾಶ್ ಹಿಡಿದು ಓಡಾಡುತ್ತಿದ್ದರು. ಅವರ ಚಿತ್ರಗಳಲ್ಲಿ ಪ್ರೇಕ್ಷಕರಿಲ್ಲ, ಮೇಜಿನ ಮೇಲೆ ಗ್ಲಾಸುಗಳಿಲ್ಲ. ಹಾಳೆ ತಿರುವುತ್ತಾರೆ, ತಾಳ ಹಾಕುತ್ತಾರೆ, ಒಬ್ಬ ನುಡಿಸುವಾಗ ಇನ್ನೊಬ್ಬ ತಲೆ ಬಾಗಿಸಿ ಕೇಳುತ್ತಾನೆ. ಸಿಗರೇಟು ಇಲ್ಲೂ ಇದೆ, ಆದರೆ ಅದು ಕೆಲಸದ ನಡುವಿನ ಸಿಗರೇಟು.

ಆ ಫೋಟೊಗಳು ಜನರಿಗೆ ತಲುಪಿದ್ದು ವಿನ್ಯಾಸಕಾರ ರೀಡ್ ಮೈಲ್ಸ್ ಕೈಯಿಂದ. ಈ ಮನುಷ್ಯನಿಗೆ ಜಾಝ್ ಅಷ್ಟಾಗಿ ರುಚಿಸುತ್ತಿರಲಿಲ್ಲ, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವೇ ಬೇಕು. ರೆಕಾರ್ಡುಗಳಿಗೆ ಸುಮಾರು 500 ಮುಖಪುಟ ಮಾಡಿದ ಈತ ವುಲ್ಫ್ ಅವರ ಚಿತ್ರಗಳನ್ನು ನಿರ್ದಯವಾಗಿ ಕತ್ತರಿಸುತ್ತಿದ್ದ. ಹಣೆ ಹೋಯಿತು, ಭುಜ ಹೋಯಿತು, ಉಳಿದದ್ದಕ್ಕೆ ಒಂದೇ ಬಣ್ಣ. 1957ರಲ್ಲಿ ಧ್ವನಿಮುದ್ರಣವಾದ 'ಬ್ಲೂ ಟ್ರೇನ್' ಆಲ್ಬಮ್ಮಿನ ಮುಖಪುಟ ನೋಡಿ: ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ ಒಂದು ಕೈ ಕತ್ತಿನ ಹಿಂದೆ, ಇನ್ನೊಂದು ತುಟಿಯ ಬಳಿ, ಎಲ್ಲ ನೀಲಿ. ರೆಕಾರ್ಡಿಂಗಿನ ಗೊಂದಲದಲ್ಲಿ ಏನನ್ನೋ ಯೋಚಿಸುತ್ತ ನಿಂತವನು ಮುಖಪುಟದ ಮೇಲೆ ಧ್ಯಾನಸ್ಥನಾಗಿಬಿಟ್ಟ. ಈ ಕತ್ತರಿ ಅನ್ಯಾಯವೇ, ಆದರೂ ಆ ಅನ್ಯಾಯವಿಲ್ಲದೆ ವುಲ್ಫ್ ಹೆಸರು ನಮ್ಮವರೆಗೆ ಬರುತ್ತಿತ್ತೇ ಎಂದರೆ ಹೌದೆನ್ನುವ ಧೈರ್ಯ ನನಗಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಛಾಯಾಗ್ರಾಹಕ ವಿಲಿಯಂ ಕ್ಲಾಕ್ಸ್‌ಟನ್ ವಾದಕರನ್ನು ಬಿಸಿಲಿಗೆ ಕರೆತಂದರು. ಮೊಹಾವಿ ಮರುಭೂಮಿಯಲ್ಲಿ ಕೌಬಾಯ್ ಟೋಪಿ ಹಾಕಿ ನಿಂತ ಸನ್ನಿ ರೋಲಿನ್ಸ್ ಇವತ್ತಿಗೂ ನಗೆ ತರಿಸುತ್ತಾರೆ. 1958ರ ಆಗಸ್ಟ್ 12ರಂದು ಆರ್ಟ್ ಕೇನ್ ಫೋಟೊಗೆಂದು ಹಾರ್ಲೆಮ್ಮಿನ ಒಂದು ಮನೆಯ ಮೆಟ್ಟಿಲುಗಳ ಬಳಿ 57 ಸಂಗೀತಗಾರರನ್ನು ಸೇರಿಸಿದ್ದೂ ಹಗಲಿನಲ್ಲೇ. ನಿಂತು ಸಾಕಾದ ಕೌಂಟ್ ಬೇಸಿ ಬೀದಿಯ ಹುಡುಗರ ಜತೆ ಕಟ್ಟೆಯಂಚಿಗೆ ಕೂತುಬಿಟ್ಟರು. ಅಷ್ಟು ಜನರಲ್ಲಿ ಹೆಂಗಸರು ಮೂವರೇ. ಹೊಗೆಯಿಲ್ಲದ, ರಾತ್ರಿಯಿಲ್ಲದ ಈ ಗುಂಪು ಮದುವೆಮನೆಯ ಗುಂಪಿನ ಹಾಗೆ ಕಾಣುತ್ತದೆ. ಅದೇ ಅದರ ಸುಖ.

ಹಗಲಿಗೆ ಬಾರದ ಫೋಟೊ ಒಂದಿದೆ. 1959ರ ಆಗಸ್ಟ್, ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ' ಆಲ್ಬಮ್ ಹೊರಬಂದು ಒಂದು ವಾರ. ಬರ್ಡ್‌ಲ್ಯಾಂಡ್ ಕ್ಲಬ್ಬಿನ ಬಾಗಿಲ ಮೇಲೆ ಅವರ ಹೆಸರು ಹಾಕಿದ್ದಾರೆ. ಬಿಡುವಿನಲ್ಲಿ ಅದೇ ಬಾಗಿಲ ಹೊರಗೆ ನಿಂತಿದ್ದ ಡೇವಿಸ್‌ಗೆ ಪೊಲೀಸನೊಬ್ಬ ಮುಂದಕ್ಕೆ ನಡೆ ಎಂದ. ತಾನಿಲ್ಲಿ ನುಡಿಸುವವನು ಎಂದರು. ಪೊಲೀಸರ ಏಟಿಗೆ ತಲೆ ಒಡೆಯಿತು. ಪತ್ರಿಕೆಯ ಫೋಟೊಗಳಲ್ಲಿ ಅವರು ತಲೆಗೆ ಪಟ್ಟಿ ಕಟ್ಟಿಕೊಂಡಿದ್ದಾರೆ, ತಿಳಿಬಣ್ಣದ ಕೋಟಿನ ತುಂಬ ರಕ್ತ. ಇದು ಯಾವ ದೊಡ್ಡ ಛಾಯಾಗ್ರಾಹಕನ ಕೃತಿಯೂ ಅಲ್ಲ, ಬೆಳಕೂ ಚೆನ್ನಾಗಿಲ್ಲ. ಜಾಝ್ ಫೋಟೊಗಳ ದಪ್ಪ ಪುಸ್ತಕಗಳಲ್ಲಿ ಇದಕ್ಕೆ ಜಾಗ ಸಿಗುವುದು ಕಡಿಮೆ. ನನ್ನ ಲೆಕ್ಕದಲ್ಲಿ ಇದನ್ನು ಬಿಟ್ಟು ಉಳಿದವನ್ನು ಓದಲು ಬರುವುದಿಲ್ಲ.

ನೆರಳಿಗೂ ರಾಜಕೀಯವಿತ್ತು. 1944ರಲ್ಲಿ ಜೋನ್ ಮಿಲಿ ನಿರ್ದೇಶಿಸಿದ 'ಜ್ಯಾಮಿನ್ ದ ಬ್ಲೂಸ್' ಎಂಬ ಹತ್ತು ನಿಮಿಷದ ಚಿತ್ರದ ವಾದಕರಲ್ಲಿ ಒಬ್ಬನೇ ಬಿಳಿಯ, ಗಿಟಾರಿಸ್ಟ್ ಬಾರ್ನಿ ಕೆಸೆಲ್. ಬಿಳಿಯರೂ ಕರಿಯರೂ ಒಟ್ಟಿಗೆ ನುಡಿಸುವುದನ್ನು ದಕ್ಷಿಣದ ಚಿತ್ರಮಂದಿರಗಳು ಸಹಿಸುವುದಿಲ್ಲವೆಂದು ಅವನನ್ನು ನೆರಳಿನಲ್ಲಿ ಕೂರಿಸಿದರು. ಕೈ ಹತ್ತಿರದಿಂದ ಕಾಣುವ ಕಡೆ ಹಣ್ಣಿನ ರಸ ಬಳಿದು ಬಣ್ಣ ಕಪ್ಪಾಗಿಸಿದರು. ಅಂದ ಹೆಚ್ಚಿಸಲು ತಂದ ಕತ್ತಲು ಅಡಗಿಸಲೂ ಒದಗಿತು.

ಇದೇ ಕತ್ತಲಿಗೆ ಬೇರೆ ಅರ್ಥ ಕೊಟ್ಟವರು ರಾಯ್ ಡಿಕರಾವಾ. ಹಾರ್ಲೆಮ್ಮಿನಲ್ಲೇ ಹುಟ್ಟಿ ಬೆಳೆದವರು, ಚಿತ್ರಕಲೆ ಕಲಿತು ಫೋಟೊಗೆ ಬಂದವರು. 1952ರಲ್ಲಿ ಗಗನ್‌ಹೈಮ್ ಫೆಲೋಶಿಪ್ ಪಡೆದ ಮೊದಲ ಕಪ್ಪು ಛಾಯಾಗ್ರಾಹಕ. ಫ್ಲಾಶ್ ಬಳಸುತ್ತಿರಲಿಲ್ಲ. ಕ್ಲಬ್ಬಿನಲ್ಲಿ ಎಷ್ಟು ಬೆಳಕಿದೆಯೋ ಅಷ್ಟರಲ್ಲೇ ತೆಗೆಯುವುದು, ಕೈ ಅಲ್ಲಾಡಿದರೆ ಅಲ್ಲಾಡಲಿ. ಅಗ್ಗದ ಕಾಗದದ ಮುದ್ರಣದಲ್ಲಿ ಕಪ್ಪು ಮುಖ ಮಸಿಯ ಕಲೆಯಾಗಿಬಿಡುತ್ತದೆಂದು ಉಳಿದವರು ಅದರ ಮೇಲೆ ದೀಪ ಸುರಿಯುತ್ತಿದ್ದ ಕಾಲ ಅದು. ಡಿಕರಾವಾ ಪ್ರಿಂಟನ್ನೇ ಇನ್ನಷ್ಟು ಕಪ್ಪಾಗಿಸಿದರು. ಆ ಕಪ್ಪಿನೊಳಗೆ ಬೂದಿ, ಇದ್ದಿಲು, ಹೆಂಚಿನ ತಳ, ಮಳೆಗಾಲದ ಸಂಜೆ, ಇಷ್ಟು ಬಗೆ ಬಿಡಿಸಿದರು. 1960ರ ಒಂದು ಚಿತ್ರದಲ್ಲಿ ಕೋಲ್ಟ್ರೇನ್ ಮತ್ತು ಬೆನ್ ವೆಬ್‌ಸ್ಟರ್ ಅಪ್ಪಿಕೊಂಡಿದ್ದಾರೆ. ವಾದ್ಯವಿಲ್ಲ, ವೇದಿಕೆಯಿಲ್ಲ. ಹಿರಿಯನೊಬ್ಬನ ತೋಳಿನಲ್ಲಿ ಕಿರಿಯನೊಬ್ಬ. ಹಾಗಿದ್ದೂ ಇದು ಸಂಗೀತದ ಫೋಟೊ. ಲೆನರ್ಡ್ ಅವರ ಟೋಪಿಯ ಪಕ್ಕ ಇದನ್ನಿಟ್ಟು ನೋಡಿದರೆ ನನ್ನ ತಕರಾರು ಏನೆಂದು ಹೇಳಬೇಕಾದ್ದೇ ಇಲ್ಲ.

1960ರ ದಶಕದ ಆರಂಭದಲ್ಲೇ ಡಿಕರಾವಾ ಫೋಟೊ ಮತ್ತು ತಮ್ಮದೇ ಪದ್ಯ ಸೇರಿಸಿ 'ದ ಸೌಂಡ್ ಐ ಸಾ' ಎಂಬ ಪುಸ್ತಕ ಜೋಡಿಸಿದ್ದರು. ಅದು ಅಚ್ಚಾದದ್ದು 2001ರಲ್ಲಿ. ಅದರಲ್ಲಿ ವಾದಕರ ನಡುವೆ ನಡುವೆ ಹಾರ್ಲೆಮ್ಮಿನ ಬೀದಿ, ದುಡಿಯುವವರು, ಮಕ್ಕಳು ಬಂದುಹೋಗುತ್ತಾರೆ. ಕ್ಲಬ್ಬಿನ ಬಾಗಿಲು ಯಾವ ಪುಟದಲ್ಲೂ ಮುಚ್ಚಿಲ್ಲ.

ಡಿಕರಾವಾ 1961ರಲ್ಲಿ ತೆಗೆದ ಡ್ರಮ್ ವಾದಕ ಎಲ್ವಿನ್ ಜೋನ್ಸ್ ಚಿತ್ರವನ್ನು ನಾನು ಮೊದಲು ನೋಡಿದ್ದು ಮೊಬೈಲಿನಲ್ಲಿ. ಒಂದು ಕರಿಯ ಚೌಕ ಕಂಡಿತು, ಪುಟ ತೆರೆದಿಲ್ಲವೇನೋ ಎಂದುಕೊಂಡೆ. ಪರದೆಯ ಬೆಳಕು ಏರಿಸಿದರೆ ಎಲ್ಲ ಬೂದುಬೂದಾಯಿತು. ಕೊನೆಗೆ ಬೆಳಕನ್ನು ಮೊದಲಿನಷ್ಟಕ್ಕೇ ಇಳಿಸಿ, ಕೋಣೆಯ ದೀಪ ಆರಿಸಿ, ಕಣ್ಣು ಕತ್ತಲಿಗೆ ಹೊಂದುವವರೆಗೆ ಸುಮ್ಮನೆ ಕೂತೆ. ಮೊದಲು ಹಣೆ, ಆಮೇಲೆ ಕೆನ್ನೆ. ಮುಖದ ತುಂಬ ಬೆವರು ಹರಿದಿತ್ತು.