ಸೋಸುಕಾಗದಕ್ಕೆ ಕಾಣದ್ದು

ಮಹದೇಶ್ವರ ಬೆಟ್ಟದ ಜಾತ್ರೆಗೆ ಹೊರಟ ಎಷ್ಟೋ ವಾಹನಗಳು ಕೊಳ್ಳೇಗಾಲದಲ್ಲೋ ಹನೂರಿನಲ್ಲೋ ಟ್ಯಾಂಕ್ ತುಂಬಿಸಿಕೊಂಡು ಘಟ್ಟ ಹತ್ತುತ್ತವೆ. ಏರಿನಲ್ಲಿ ಎಂಜಿನ್ ಮುಗ್ಗರಿಸಿದರೆ ಮೊದಲ ಬೈಗುಳ ಬಂಕಿಗೇ. ಬೈಯುವವರಲ್ಲಿ ಸೋಸುಕಾಗದ ಕೇಳಿದವರು ಕಡಿಮೆ. ಕೇಳಿದರೆ ಕೊಡಲೇಬೇಕು: ಕಾಗದದ ಮೇಲೆ ಬಿದ್ದ ಪೆಟ್ರೋಲ್ ಹನಿ ಆರಿದ ಮೇಲೆ ಕಲೆ ಉಳಿದರೆ ಅನುಮಾನ. ಇನ್ನೊಂದು ಸಾಂದ್ರತೆಯ ಪರೀಕ್ಷೆ. ದಾಖಲೆಯಲ್ಲಿರುವುದಕ್ಕೂ ಟ್ಯಾಂಕಿನಲ್ಲಿರುವುದಕ್ಕೂ ಘನ ಮೀಟರಿಗೆ 3 ಕಿಲೋಗ್ರಾಂ ಮೀರಿ ವ್ಯತ್ಯಾಸ ಬರಬಾರದು. ಎರಡೂ ಅಗ್ಗ, ಎರಡೂ ಕೈಗೆಟಕುವಂಥವು. ಆದರೆ ಸಾಂದ್ರತೆ ಬರೀ ಒಂದು ಸಂಖ್ಯೆ. ಹಗುರವಾದದ್ದನ್ನೂ ಭಾರವಾದದ್ದನ್ನೂ ಲೆಕ್ಕ ಹಾಕಿ ಬೆರೆಸಿದವನಿಗೆ ಅದೇ ಸಂಖ್ಯೆಯನ್ನು ಮರಳಿ ತರುವುದು ಕಷ್ಟವಲ್ಲ.

ಈ ಜಾಣತನ ಮಾಸ್ ಸ್ಪೆಕ್ಟ್ರೋಮೀಟರಿನ ಮುಂದೆ ನಡೆಯದು. ಈ ಯಂತ್ರವನ್ನು ಸಾಕಿ ಬೆಳೆಸಿದ್ದೇ ತೈಲೋದ್ಯಮ. ಮಾರಾಟಕ್ಕೆಂದು ತಯಾರಾದ ಮೊದಲ ಯಂತ್ರಗಳಲ್ಲೊಂದು 1940ರ ದಶಕದ ಆರಂಭದಲ್ಲಿ ಅಮೆರಿಕದ ಅಟ್ಲಾಂಟಿಕ್ ರಿಫೈನಿಂಗ್ ಕಂಪನಿ ಸೇರಿತು. ಆವಿಯಾದ ತೈಲಕ್ಕೆ 70 ಎಲೆಕ್ಟ್ರಾನ್ ವೋಲ್ಟಿನ ಎಲೆಕ್ಟ್ರಾನುಗಳು ಬಡಿದಾಗ ಅಣುಗಳು ಒಡೆಯುತ್ತವೆ, ಚೂರುಗಳನ್ನು ಯಂತ್ರ ತೂಗುತ್ತದೆ. 43, 57, 71 ಎದ್ದು ಕಂಡರೆ ಪ್ಯಾರಾಫಿನ್, 91 ಕಂಡರೆ ಟಾಲ್ಯೂಯೀನ್ ಕುಲದವು. 31 ಎದ್ದರೆ ಎಥೆನಾಲ್. ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವವನ ಬೈಕಿನಲ್ಲೂ ಈಗ ಎಥೆನಾಲ್ ಬೆರೆತ ಪೆಟ್ರೋಲೇ ತಾನೇ!

ಹಾಗೆಂದು ತೂಕವನ್ನೇ ನಂಬಿ ಕೂರುವಂತಿಲ್ಲ. ನೋನೇನ್ ಅಣುವಿನ ತೂಕ 128, ನ್ಯಾಫ್ತಲೀನಿನದೂ 128. ಇವನ್ನು ಬಿಡಿಸಲು ಮೊದಲು ಗ್ಯಾಸ್ ಕ್ರೊಮ್ಯಾಟೊಗ್ರಫಿಯಲ್ಲಿ ಅಣುಗಳನ್ನು ಒಂದೊಂದಾಗಿ ಹೊರಡಿಸಬೇಕು, ಇಲ್ಲವೇ ದಶಮಾಂಶದಾಚೆಯ ಅಂಕೆಗಳನ್ನೂ ಓದಬಲ್ಲ ದುಬಾರಿ ಯಂತ್ರ ಬೇಕು.

ನಿಜವಾದ ತೊಡಕು ಡೀಸೆಲ್ಲಿನದು. ಅದಕ್ಕೆ ಬೆರೆಸುವ ಸೀಮೆಎಣ್ಣೆ ಹೊರಗಿನ ವಸ್ತುವೇ ಅಲ್ಲ. ಅದರ ಅಣುಗಳು ಬಹುಪಾಲು ಡೀಸೆಲ್ಲಿನಲ್ಲಿ ಮೊದಲೇ ಇರುತ್ತವೆ. ಹೊಸ ಅಣು ಸಿಗುವುದಿಲ್ಲ, ಹಗುರ ಅಣುಗಳ ಪಾಲು ಹೆಚ್ಚಿರುತ್ತದೆ, ಅಷ್ಟೆ. ಯಾವುದಕ್ಕಿಂತ ಹೆಚ್ಚು ಎಂದು ಯಂತ್ರ ತಾನಾಗಿ ಹೇಳಲಾರದು. ಈ ಕಾರಣಕ್ಕೇ ಪಡಿತರ ಸೀಮೆಎಣ್ಣೆಗೆ ನೀಲಿ ಬಣ್ಣ ಹಾಕಿದರು. 2006ರಲ್ಲಿ ಗುರುತಿನ ರಾಸಾಯನಿಕವನ್ನೂ ತಂದರು; ಅದನ್ನು ತೊಳೆದು ತೆಗೆಯಬಹುದೆಂದು ಗೊತ್ತಾದ ಮೇಲೆ ಕೈಬಿಟ್ಟರು.

ಕಲಬೆರಕೆ ಪತ್ತೆಯಾದರಷ್ಟೇ ಸಾಲದು. ಕೆಜಿಎಫ್‌ನಲ್ಲಿ ಬೆಳೆದು ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದ ಎಸ್. ಮಂಜುನಾಥ್ ಇಂಡಿಯನ್ ಆಯಿಲ್ ಅಧಿಕಾರಿಯಾಗಿದ್ದರು. ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆಯ ಬಂಕಿನ ಮೇಲೆ ಕ್ರಮ ಕೈಗೊಂಡಿದ್ದಕ್ಕೆ 2005ರ ನವೆಂಬರಿನಲ್ಲಿ ಗುಂಡಿಗೆ ಬಲಿಯಾದರು. ಅಲ್ಲಿ ಕೊರತೆಯಾಗಿದ್ದದ್ದು ಯಂತ್ರವಲ್ಲ, ತಪಾಸಣೆಗೆ ಹೋದವನಿಗೆ ರಕ್ಷಣೆ.

ಹಾಗಾಗಿ ತಾಲ್ಲೂಕಿಗೊಂದು ಯಂತ್ರ ಬೇಕೆಂಬ ಉತ್ಸಾಹ ನನಗಿಲ್ಲ. ಟ್ಯಾಂಕರ್ ಇಳಿಸುವಾಗ ಬಂಕಿನಲ್ಲಿ ಮಾದರಿ ತೆಗೆದು ಡಬ್ಬಿಯಲ್ಲಿ ಮೊಹರು ಮಾಡಿಡುವ ಪದ್ಧತಿಯಿದೆಯಲ್ಲ, ಯಂತ್ರದ ಮಾತಿಗೆ ಬೆಲೆ ಬರುವುದು ಆ ಡಬ್ಬಿಯಿಂದ. ಯಳಂದೂರಿನ ಡೀಸೆಲ್ಲಿಗೆ ಬೆಂಗಳೂರಿನ ಪ್ರಯೋಗಾಲಯ ತೀರ್ಪು ಕೊಡಬೇಕಾದರೆ ಅದೇ ಲೋಡಿನ ಡಬ್ಬಿಯೂ ಜೊತೆಗೆ ಹೋಗಬೇಕು, ಮೊಹರು ಒಡೆಯದೆ.