ಸಿಹಿ ಮಾತಿನ ನಿರಾಕರಣೆಯಲ್ಲಿ ಸುಳಿವು ಹುಡುಕಬೇಡಿ

‘ನಿಮ್ಮ ಅರ್ಹತೆ ಮೆಚ್ಚುಗೆಯಾಯಿತು. ಈ ಬಾರಿ ಬೇರೆಯವರನ್ನು ಆಯ್ಕೆ ಮಾಡಿದ್ದೇವೆ. ನಿಮ್ಮ ರೆಸ್ಯೂಮ್ ನಮ್ಮಲ್ಲಿರುತ್ತದೆ.’ ಇಂಥ ಇಮೇಲ್ ಬಂದಾಗ ಹಿತೈಷಿಗಳೂ ತರಬೇತಿ ಕೇಂದ್ರದವರೂ ಹೇಳುವುದು ಒಂದೇ: ಇನ್ನೂ ಆಸೆಯಿದೆ, ಅದರಲ್ಲಿರುವ ಸುಳಿವು ಹಿಡಿ, ಫಾಲೋಅಪ್ ಮಾಡುತ್ತಿರು. ಈ ಸಲಹೆ ಕೆಲಸ ಹುಡುಕುವವರಿಗೆ ಕೆಡುಕನ್ನೇ ಮಾಡುತ್ತಿದೆ.

ಆ ಪತ್ರದಲ್ಲಿ ಸುಳಿವಿರಲು ಕಾರಣವೇ ಇಲ್ಲ. ಒಂದು ಹುದ್ದೆಗೆ ನೂರಾರು ಅರ್ಜಿ ಬರುವ ಬೆಂಗಳೂರಿನ ದೊಡ್ಡ ಕಂಪನಿಗಳಲ್ಲಿ ಅರ್ಜಿ ಸೋಸುವುದಕ್ಕೂ ಉತ್ತರ ಕಳಿಸುವುದಕ್ಕೂ ಸಾಫ್ಟ್‌ವೇರ್ ಇದೆ. ಮೊದಲ ಸುತ್ತಿನಲ್ಲೇ ಬಿದ್ದವರಿಗೂ ಕೊನೆಯ ಸುತ್ತು ಮುಟ್ಟಿದವರಿಗೂ ಒಂದೇ ಒಕ್ಕಣೆ ಹೋಗುವುದುಂಟು. ಇದರ ಜೊತೆಗೆ ಕಾನೂನಿನ ಅಂಜಿಕೆಯೂ ಇದೆ. ಅಮೆರಿಕದ 1964ರ ನಾಗರಿಕ ಹಕ್ಕುಗಳ ಕಾಯ್ದೆ ನೇಮಕಾತಿಯಲ್ಲಿ ಜನಾಂಗ, ಧರ್ಮ, ಲಿಂಗದ ತಾರತಮ್ಯವನ್ನು ನಿಷೇಧಿಸಿದೆ. ಕಾರಣ ಬರೆದುಕೊಟ್ಟರೆ ನಾಳೆ ಕೋರ್ಟಿನಲ್ಲಿ ಅದೇ ಸಾಕ್ಷಿಯಾದೀತೆಂದು ಅಲ್ಲಿನ ಕಂಪನಿಗಳು ಅಂಜುತ್ತವೆ. ಅವುಗಳ ಬೆಂಗಳೂರು ಕಚೇರಿಗಳಿಂದ ಬರುವ ಪತ್ರಗಳಲ್ಲೂ ಇದೇ ಎಚ್ಚರಿಕೆ ಕಾಣುತ್ತದೆ.

ಹೀಗಿರುವಾಗ ಹೊಗಳಿಕೆ ನಂಬಿ ಕಾಯುವುದು ಎಷ್ಟು ತಪ್ಪೋ, ನನ್ನಲ್ಲೇ ಕೊರತೆಯಿದೆ ಎಂದು ಕೊರಗುವುದೂ ಅಷ್ಟೇ ತಪ್ಪು. ಬರೆದವರು ಯಾವ ಹೊಣೆ ಹೊತ್ತಿದ್ದಾರೆ ಎಂದಷ್ಟೇ ನೋಡಿ. ಮುಂದಿನ ಹುದ್ದೆ, ದಿನಾಂಕ, ಸಂಪರ್ಕಿಸಬೇಕಾದವರ ಹೆಸರು, ಇವುಗಳಲ್ಲಿ ಒಂದಾದರೂ ಇದ್ದರೆ ಖಂಡಿತ ಬೆನ್ನುಹತ್ತಿ. ಒಂದೂ ಇಲ್ಲದಿದ್ದರೆ ಆ ಕೆಲಸ ಮುಗಿದ ಕಥೆ. ಮುಂದಿನ ಅರ್ಜಿ ಹಾಕಿ.

ನೇರವಾಗಿ ಹೇಳಿದರೆ ಅಭ್ಯರ್ಥಿಗೆ ನೋವಾಗುತ್ತದೆ ಎಂಬ ಸಮರ್ಥನೆಯೂ ಇದೆ. ಮೃದುವಾಗಿ ಹೇಳಲಿ, ಆದರೆ ಸ್ಪಷ್ಟವಾಗಿ ಹೇಳಲಿ. ಕಲಬುರಗಿಯಿಂದಲೋ ಹಾಸನದಿಂದಲೋ ಬಂದು ಪಿಜಿಯಲ್ಲಿ ಉಳಿದು ಕಾಯುವ ಹುಡುಗಿ, ಸುಳ್ಳು ಆಸೆಯಲ್ಲಿ ಕಳೆದ ಪ್ರತಿ ತಿಂಗಳಿಗೂ ಬಾಡಿಗೆ ತೆರುತ್ತಾಳೆ. ಆ ನೋವಿನ ಲೆಕ್ಕ ಯಾರೂ ಇಡುವುದಿಲ್ಲ.

ಸ್ಪಷ್ಟತೆ ಅಸಾಧ್ಯವೇನಲ್ಲ. ಲಕ್ಷಾಂತರ ಮಂದಿ ಬರೆಯುವ ನಾಗರಿಕ ಸೇವಾ ಪರೀಕ್ಷೆಯಲ್ಲಿ ಆಯ್ಕೆಯಾಗದವರಿಗೂ ಯುಪಿಎಸ್‌ಸಿ ಅಂಕ ತಿಳಿಸುತ್ತದೆ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 2026ರ ಜನವರಿಯಿಂದ, 25 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಜಾಹೀರಾತು ಕೊಟ್ಟ ಹುದ್ದೆಗೆ ಸಂದರ್ಶನ ನಡೆಸಿದರೆ, ನೇಮಕಾತಿ ನಿರ್ಧಾರವಾಯಿತೇ ಎಂಬುದನ್ನು 45 ದಿನಗಳೊಳಗೆ ಅಭ್ಯರ್ಥಿಗೆ ತಿಳಿಸಲೇಬೇಕು. ನಮ್ಮ ಕಂಪನಿಗಳೂ ಸಂದರ್ಶನಕ್ಕೆ ಕರೆದವರಿಗಾದರೂ ‘ನೀವು ಆಯ್ಕೆಯಾಗಿಲ್ಲ’ ಎಂದು ಬೇಗ, ನೇರವಾಗಿ ತಿಳಿಸಲಿ. ಅಭ್ಯರ್ಥಿಗೆ ತೋರಿಸಬೇಕಾದ ಗೌರವ ಅದೇ.